ಹಳೆಯ ವಿಡಿಯೊ ಕ್ಯಾಸೆಟ್ಟುಗಳ ನಕಲು: ‘ಇನ್‌ಪುಟ್’ ಆಯ್ಕೆಯಲ್ಲಿ ಎಚ್ಚರಿಕೆ ಅಗತ್ಯ

1982ರಲ್ಲಿ ದೂರದರ್ಶನವು ವರ್ಣ ಪ್ರಸಾರವನ್ನು ಆರಂಭಿಸಿತು. ಅದೇ ವರ್ಷ ದೆಹಲಿಯಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ವರ್ಣ ಟಿ.ವಿ.ಗಳೂ, ಅವುಗಳ ಬೆನ್ನಿಗೇ ವಿ.ಸಿ.ಆರ್. ಮತ್ತು ವಿ.ಸಿ.ಪಿ.ಗಳೂ ಅನುಕೂಲಸ್ಥರ ಮನೆಗಳನ್ನು ಪ್ರವೇಶಿಸತೊಡಗಿದವು. ಮುಂದಿನ ಸುಮಾರು ಎರಡು ದಶಕಗಳ ಕಾಲ ವರ್ತಕ ಕುಟುಂಬಗಳಲ್ಲಿ ನಡೆದ ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಿಗಳು ಮಾತ್ರವಲ್ಲದೆ ಅಂಗಡಿಯ ಪ್ರಾರಂಭೋತ್ಸವ, ಕಾರ್ಖಾನೆಯ ಭೂಮಿಪೂಜೆ, ಹೊಸ ಯಂತ್ರದ ಪೂಜೆ, ಡೀಲರುಗಳ ಸಮಾವೇಶ ಮುಂತಾದವುಗಳೂ ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿ ದಾಖಲಾಗುತ್ತಾ ಬಂದವು. ಸಂಸ್ಥೆಯ ಸ್ಥಾಪಕರು ನಡೆದಾಡುವ, ಮಾತನಾಡುವ ದೃಶ್ಯ ಉಳಿದಿರುವುದು ಬೀರುವಿನ ಮೇಲಿನ ಕಪ್ಪು ಡಬ್ಬಿಯೊಂದರಲ್ಲಿ ಮಾತ್ರ ಎಂಬ ಪರಿಸ್ಥಿತಿ ಅನೇಕ ಕುಟುಂಬಗಳಲ್ಲಿದೆ. ಛಾಯಾಚಿತ್ರಗಳು ಬೇಕಾದಷ್ಟಿರಬಹುದು, ಧ್ವನಿ ಬೇರೆಡೆ ಇರುವುದಿಲ್ಲ.

ಈ ಕ್ಯಾಸೆಟ್ಟುಗಳನ್ನು ಓದಬಲ್ಲ ಯಂತ್ರಗಳ ಕಾಲ ಮುಗಿದಿದೆ. 1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆ ಮಾರುಕಟ್ಟೆಗೆ ತಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದುದು ಅದೇ ದೇಶದ ಫುನಾಯ್ ಸಂಸ್ಥೆ. ಒಂದು ಕಾಲದಲ್ಲಿ ವರ್ಷಕ್ಕೆ 1 ಕೋಟಿ 50 ಲಕ್ಷದಷ್ಟು ವಿ.ಸಿ.ಆರ್.ಗಳನ್ನು ಮಾರುತ್ತಿದ್ದ ಆ ಸಂಸ್ಥೆಯ ಮಾರಾಟ 2015ರಲ್ಲಿ ಸುಮಾರು 7.5 ಲಕ್ಷಕ್ಕೆ ಕುಸಿಯಿತು. 2016ರ ಜುಲೈ ತಿಂಗಳಿನಲ್ಲಿ ಉತ್ಪಾದನೆಯನ್ನೇ ನಿಲ್ಲಿಸಲಾಯಿತು. ಅಂದಿನಿಂದ ಜಗತ್ತಿನಲ್ಲಿರುವ ವಿ.ಸಿ.ಆರ್.ಗಳ ಸಂಖ್ಯೆ ಇಳಿಯುತ್ತಲೇ ಇದೆ. ಹೆಡ್ ಸವೆಯುತ್ತದೆ, ರಬ್ಬರ್ ಬೆಲ್ಟು ಸಡಿಲಗೊಳ್ಳುತ್ತದೆ, ಬಿಡಿಭಾಗ ದೊರೆಯುವುದಿಲ್ಲ. ಕ್ಯಾಸೆಟ್ಟಿನಲ್ಲಿರುವುದನ್ನು ಡಿಸ್ಕಿಗೋ ಕಂಪ್ಯೂಟರಿಗೋ ವರ್ಗಾಯಿಸಬೇಕೆಂದಿರುವವರಿಗೆ ಉಳಿದಿರುವುದು ಬಹುಶಃ ಒಂದೇ ಅವಕಾಶ.

ಆ ಒಂದು ಅವಕಾಶವೂ ಹೇಗೆ ಕೈತಪ್ಪುತ್ತದೆ ಎಂಬುದು ಇಲ್ಲಿನ ವಿಷಯ. ಸ್ಟುಡಿಯೋದಿಂದ ಬಂದ ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸಿದಾಗ ಮುಖಗಳು ಅಗಲವಾಗಿ ಕಾಣುತ್ತವೆ, ಬಣ್ಣ ಮಾಸಿರುತ್ತದೆ, ಜರಿ ಸೀರೆಯ ಅಂಚು ಬಿಳಿಯ ಪಟ್ಟಿಯಾಗಿರುತ್ತದೆ, ಯಾರಾದರೂ ಕೈ ಬೀಸಿದರೆ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳೇಳುತ್ತವೆ. “ಟೇಪು ಹಳೆಯದಾಯಿತು, ಇನ್ನೇನು ಬರುತ್ತದೆ” ಎಂಬ ಸಮಾಧಾನವನ್ನು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆದರೆ ಈ ದೋಷಗಳಲ್ಲಿ ಹೆಚ್ಚಿನವು ಟೇಪಿನವಲ್ಲ. ದಾಖಲಿಸುವ ಯಂತ್ರಕ್ಕೆ ಚಿತ್ರವನ್ನು ಯಾವ ದ್ವಾರದಿಂದ, ಯಾವ ಸಿದ್ಧತೆಯೊಂದಿಗೆ ಒಳಗೆ ಬಿಡಲಾಯಿತು ಎಂಬುದರಲ್ಲಿಯೇ ಅವು ಹುಟ್ಟಿರುತ್ತವೆ. ಗೋದಾಮಿಗೆ ಮಾಲು ಇಳಿಯುವಾಗ ಕಾಟಾದ ಮೇಲೆ ತೂಕ ನೋಡದೆ ಒಳಗೆ ಹಾಕಿಸಿಕೊಂಡು, ವರ್ಷಾಂತ್ಯದ ದಾಸ್ತಾನು ಪರಿಶೀಲನೆಯಲ್ಲಿ ಕೊರತೆಯನ್ನು ಹುಡುಕುವ ವರ್ತಕನ ಪಾಡು ಇದಕ್ಕಿಂತ ಭಿನ್ನವಲ್ಲ.

ಒಮ್ಮೆ ಆಗಿಹೋದ ನಷ್ಟ

ಇದು ಕೇವಲ ಊಹೆಯ ಭಯವಲ್ಲ ಎಂಬುದಕ್ಕೆ ವಿ.ಸಿ.ಡಿ.ಯ ಇತಿಹಾಸವೇ ಸಾಕ್ಷಿ. 2000ದ ಆಸುಪಾಸಿನಲ್ಲಿ ಕ್ಯಾಸೆಟ್ಟುಗಳನ್ನು ವಿ.ಸಿ.ಡಿ.ಗೆ ಇಳಿಸುವ ಪರಿಪಾಠ ನಮ್ಮ ಊರುಗಳಲ್ಲಿ ಬಹು ವೇಗವಾಗಿ ಹಬ್ಬಿತು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪೂರ್ಣ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದಾಗ ಅಡ್ಡಲಾಗಿ 720, ಲಂಬವಾಗಿ 576 ಬಿಂದುಗಳಿರುತ್ತವೆ. ವಿ.ಸಿ.ಡಿ.ಯಲ್ಲಿ ಇದ್ದುದು 352 ಮತ್ತು 288 ಮಾತ್ರ. ಗುಣಿಸಿ ನೋಡಿದರೆ ಮೊದಲನೆಯದು 4,14,720, ಎರಡನೆಯದು 1,01,376. ಅಂದರೆ ಕಾಲು ಭಾಗಕ್ಕಿಂತಲೂ ತುಸು ಕಡಿಮೆ. ಕ್ಯಾಸೆಟ್ಟಿನಲ್ಲಿದ್ದ ವಿವರವೇನೂ 720 ಬಿಂದುಗಳನ್ನು ತುಂಬುವಷ್ಟು ಸಮೃದ್ಧವಾಗಿರಲಿಲ್ಲ, ನಿಜ. ಆದರೆ ಲಂಬದಲ್ಲಿ ಅರ್ಧ ಸಾಲುಗಳೂ, ಸೆಕೆಂಡಿಗೆ 50 ಬಾರಿ ಬದಲಾಗುತ್ತಿದ್ದ ಚಲನೆಯಲ್ಲಿ ಅರ್ಧವೂ ಕಳೆದುಹೋದವು. ಆಗ ಅದನ್ನು ಯಾರೂ ಗಮನಿಸಲಿಲ್ಲ. 21 ಅಂಗುಲದ ಟಿ.ವಿ.ಯಲ್ಲಿ ಅದು ಕಾಣುತ್ತಲೂ ಇರಲಿಲ್ಲ. ‘ಸಿ.ಡಿ. ಮಾಡಿಸಿ ಆಯಿತಲ್ಲ’ ಎಂದು ಮೂಲ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದವರು ಇಂದು 50 ಅಂಗುಲದ ಪರದೆಯ ಮುಂದೆ ಕುಳಿತು ತಂದೆಯ ಮುಖವನ್ನು ಗುರುತಿಸಲು ಪ್ರಯಾಸಪಡುತ್ತಿದ್ದಾರೆ. ಯಾವ ಸಾಫ್ಟ್‌ವೇರ್ ಕೂಡ ಅದನ್ನು ನಿಜವಾಗಿ ಮರಳಿ ತರಲಾರದು. ಇತ್ತೀಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮುಖವನ್ನು ಸ್ಪಷ್ಟಗೊಳಿಸುತ್ತವೆಯಾದರೂ ಆ ಸ್ಪಷ್ಟತೆ ಅಂದಾಜಿನದು. ಖಾತೆಯಲ್ಲಿ ‘ಅನಾಮತ್ತು’ ಎಂದು ಬರೆದು ತಾಳೆ ಮಾಡಿದಂತೆ.

ಮೂರು ಬಗೆಯ ದ್ವಾರಗಳು

ಡಿ.ವಿ.ಡಿ. ರೆಕಾರ್ಡರ್ ಆಗಲಿ, ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಆಗಲಿ, ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಕ್ಯಾಪ್ಚರ್ ಸಾಧನವಾಗಲಿ, ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಮಾರ್ಗಗಳು ಒಂದಕ್ಕಿಂತ ಹೆಚ್ಚಿರುತ್ತವೆ. ಪರದೆಯ ಮೇಲಿನ ಪಟ್ಟಿಯಲ್ಲಿ ಇವು ಎಲ್-1, ಎಲ್-2 ಅಥವಾ ಎ.ವಿ.-1, ಎ.ವಿ.-2 ಎಂದು ಕಾಣಿಸಿಕೊಳ್ಳುತ್ತವೆ. ಹೆಸರುಗಳಿಗಿಂತ ಅವುಗಳ ಹಿಂದಿನ ತಂತಿಯನ್ನು ಅರಿಯುವುದು ಮುಖ್ಯ.

ಅತ್ಯಂತ ಹಳೆಯದು ಆಂಟೆನಾ ತಂತಿಯ ಮಾರ್ಗ. ವಿ.ಸಿ.ಆರ್. ತನ್ನ ಚಿತ್ರವನ್ನು ಒಂದು ಟಿ.ವಿ. ಚಾನೆಲ್ಲಿನ ರೂಪಕ್ಕೆ ತಿರುಗಿಸಿ ಕಳುಹಿಸುತ್ತದೆ. ರೆಕಾರ್ಡರಿನ ಟ್ಯೂನರ್ ಅದನ್ನು ಮತ್ತೆ ಬಿಡಿಸಿಕೊಳ್ಳುತ್ತದೆ. ಎರಡು ಬಾರಿಯ ಈ ಪರಿವರ್ತನೆಯಲ್ಲಿ ಚಿತ್ರವೂ ಧ್ವನಿಯೂ ಸೊರಗುತ್ತವೆ. ಬೇರಾವ ಮಾರ್ಗವೂ ಇಲ್ಲದಿದ್ದರೆ ಮಾತ್ರ ಇದನ್ನು ಬಳಸತಕ್ಕದ್ದು.

ಎರಡನೆಯದು ಎಲ್ಲರಿಗೂ ಪರಿಚಿತವಾದ ಹಳದಿ ಪಿನ್ನಿನ ಕಾಂಪೊಸಿಟ್ ಮಾರ್ಗ. ಅದರ ಜೊತೆಯಲ್ಲಿರುವ ಬಿಳಿ ಮತ್ತು ಕೆಂಪು ಪಿನ್ನುಗಳು ಎಡ ಮತ್ತು ಬಲ ಕಿವಿಯ ಧ್ವನಿಗೆ. ಇಲ್ಲಿ ಚಿತ್ರದ ಬೆಳಕಿನ ಅಂಶವೂ ಬಣ್ಣದ ಅಂಶವೂ ಒಂದೇ ತಂತಿಯಲ್ಲಿ ಬೆರೆತು ಸಾಗುತ್ತವೆ. ರೆಕಾರ್ಡರ್ ಅವೆರಡನ್ನು ಬೇರ್ಪಡಿಸಿಕೊಳ್ಳಬೇಕು. ಬೇರ್ಪಡಿಸುವಾಗ ಸ್ವಲ್ಪ ಬಣ್ಣ ಬೆಳಕಿನಲ್ಲಿ, ಸ್ವಲ್ಪ ಬೆಳಕು ಬಣ್ಣದಲ್ಲಿ ಉಳಿದುಕೊಳ್ಳುತ್ತದೆ. ಕಡುಬಣ್ಣದ ವಸ್ತುಗಳ ಅಂಚಿನಲ್ಲಿ ತೆವಳುವ ಚುಕ್ಕೆಗಳೂ, ಸಣ್ಣ ಪಟ್ಟೆಯ ಅಂಗಿಯ ಮೇಲೆ ಮೂಡುವ ಕಾಮನಬಿಲ್ಲಿನ ಛಾಯೆಯೂ ಇದರ ಫಲ.

ಮೂರನೆಯದಾದ ಎಸ್-ವಿಡಿಯೊ ಮಾರ್ಗದಲ್ಲಿ ಬೆಳಕು ಮತ್ತು ಬಣ್ಣ ಪ್ರತ್ಯೇಕ ತಂತಿಗಳಲ್ಲಿ ಹರಿಯುತ್ತವೆ. ಇದರ ಪ್ಲಗ್ಗಿನಲ್ಲಿ ನಾಲ್ಕು ಸೂಕ್ಷ್ಮ ಪಿನ್ನುಗಳಿರುತ್ತವೆ. ವಿ.ಎಚ್.ಎಸ್. ಟೇಪಿನ ಮೇಲೆಯೂ ಬೆಳಕು ಮತ್ತು ಬಣ್ಣಗಳು ಬೇರೆ ಬೇರೆ ಆವರ್ತನಗಳಲ್ಲಿಯೇ ದಾಖಲಾಗಿರುತ್ತವೆ. ಪಾಲ್ ಪದ್ಧತಿಯಲ್ಲಿ ಬಣ್ಣವನ್ನು ಸುಮಾರು 627 ಕಿಲೊಹರ್ಟ್ಸ್‌ನ ಕೆಳಮಟ್ಟಕ್ಕೆ ಇಳಿಸಿಡಲಾಗಿರುತ್ತದೆ. ಬೇರೆಯಾಗಿಯೇ ಇರುವುದನ್ನು ವಿ.ಸಿ.ಆರ್.ನಲ್ಲಿ ಕೂಡಿಸಿ, ರೆಕಾರ್ಡರಿನಲ್ಲಿ ಮತ್ತೆ ಬಿಡಿಸುವ ವ್ಯರ್ಥ ಶ್ರಮವನ್ನು ಎಸ್-ವಿಡಿಯೊ ತಪ್ಪಿಸುತ್ತದೆ. ತೊಂದರೆಯೆಂದರೆ ಸಾಮಾನ್ಯ ವಿ.ಎಚ್.ಎಸ್. ಯಂತ್ರಗಳಲ್ಲಿ ಈ ಹೊರದ್ವಾರವೇ ಇರುವುದಿಲ್ಲ. 1987ರಲ್ಲಿ ಬಂದ ಎಸ್-ವಿ.ಎಚ್.ಎಸ್. ಪದ್ಧತಿಯ ಯಂತ್ರಗಳಲ್ಲಿ ಅದು ಲಭ್ಯ. ಅವು ಸಾಮಾನ್ಯ ಕ್ಯಾಸೆಟ್ಟನ್ನೂ ಓದುತ್ತವೆ. ನಕಲು ಮಾಡಿಕೊಡುವವರ ಬಳಿ ಇಂತಹ ಯಂತ್ರ ಇದೆಯೇ ಎಂಬುದೇ ಗ್ರಾಹಕ ಕೇಳಬೇಕಾದ ಮೊದಲ ಪ್ರಶ್ನೆ.

ಎರಡೂ ತಂತಿಗಳನ್ನು ಏಕಕಾಲಕ್ಕೆ ಜೋಡಿಸಿ, ‘ಒಳ್ಳೆಯದನ್ನು ಯಂತ್ರವೇ ಆರಿಸಿಕೊಳ್ಳುತ್ತದೆ’ ಎಂದು ಬಿಡುವವರುಂಟು. ಕೆಲವು ರೆಕಾರ್ಡರುಗಳು ಹಾಗೆ ಮಾಡುತ್ತವೆ. ಕೆಲವದರಲ್ಲಿ ಪಟ್ಟಿಯೊಳಗೆ ಹೋಗಿ ಆ ದ್ವಾರಕ್ಕೆ ‘ಎಸ್-ವಿಡಿಯೊ’ ಎಂದು ಸೂಚಿಸಬೇಕಾಗುತ್ತದೆ. ಎಸ್-ವಿಡಿಯೊ ತಂತಿಯಿದ್ದೂ ಇನ್‌ಪುಟ್ ಕಾಂಪೊಸಿಟ್ ಎಂದೇ ಉಳಿದಿದ್ದರೆ ಚಿತ್ರ ಬರದೇ ಇರಬಹುದು, ಅಥವಾ ಕಪ್ಪು-ಬಿಳುಪಾಗಿ ಬರಬಹುದು. ಹಾಗೆ ಕಪ್ಪು-ಬಿಳುಪಾಗಿ ಬಂದುದನ್ನೇ ‘ಬಣ್ಣ ಹೋಗಿದೆ’ ಎಂದು ಒಪ್ಪಿಸಿಬಿಡುವ ಅಪಾಯವಿದೆ. ಚಿನ್ನದ ಲೇಪದ ದುಬಾರಿ ಕೇಬಲ್ಲಿನ ಬಗ್ಗೆ ಒಂದು ಮಾತು: ಒಂದೂವರೆ ಮೀಟರ್ ಉದ್ದದ, ಗಟ್ಟಿಯಾಗಿ ಕೂರುವ ಸಾಧಾರಣ ಕೇಬಲ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಅಮೆರಿಕದ ಕ್ಯಾಸೆಟ್ಟು, ಭಾರತದ ಯಂತ್ರ

ವಿದೇಶದಲ್ಲಿರುವ ಮಕ್ಕಳೋ ಬಂಧುಗಳೋ ಕಳುಹಿಸಿದ ಕ್ಯಾಸೆಟ್ಟುಗಳಲ್ಲಿ ಬೇರೆಯೇ ತೊಡಕಿದೆ. ಭಾರತ, ದುಬೈ, ಇಂಗ್ಲೆಂಡುಗಳಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 625 ಸಾಲುಗಳು, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕ, ಕೆನಡಾ ಮತ್ತು ಜಪಾನುಗಳ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 525 ಸಾಲುಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಗುರುತು ಮೊದಲ ಸುಳಿವು ನೀಡುತ್ತದೆ: ಇಲ್ಲಿ ಮಾರಾಟವಾಗುತ್ತಿದ್ದುದು ಹೆಚ್ಚಾಗಿ 3 ಗಂಟೆಯ ಇ-180, ಅಲ್ಲಿನದು 2 ಗಂಟೆಯ ಟಿ-120. ಸುಳಿವು ಅಷ್ಟೇ, ಪ್ರಮಾಣವಲ್ಲ. ಟಿ-120 ಕ್ಯಾಸೆಟ್ಟನ್ನು ಇಲ್ಲಿನ ಕ್ಯಾಮೆರಾದಲ್ಲಿ ಹಾಕಿಯೂ ಚಿತ್ರೀಕರಿಸಿರಬಹುದು.

ನಮ್ಮಲ್ಲಿನ ಅನೇಕ ವಿ.ಸಿ.ಆರ್.ಗಳ ಮುಖದ ಮೇಲೆ ಎನ್.ಟಿ.ಎಸ್.ಸಿ. ಪ್ಲೇಬ್ಯಾಕ್ ಎಂದು ಮುದ್ರಿತವಾಗಿರುತ್ತದೆ. ಟಿ.ವಿ.ಯಲ್ಲಿ ನೋಡಲು ಅದು ಸಾಕಾಗುತ್ತಿತ್ತು. ಆದರೆ ಆ ಯಂತ್ರ ಹೊರಗೆ ಕಳುಹಿಸುವುದು ಸಂಕರ ಸಂಕೇತ: ಸಾಲುಗಳು ಅಮೆರಿಕದವು, ಬಣ್ಣದ ಕ್ರಮ ನಮ್ಮದು. ಟಿ.ವಿ. ಇದನ್ನು ಉದಾರವಾಗಿ ಸ್ವೀಕರಿಸುತ್ತದೆ. ರೆಕಾರ್ಡರುಗಳು ಅನೇಕ ವೇಳೆ ಸ್ವೀಕರಿಸುವುದಿಲ್ಲ. ಚಿತ್ರ ಮೇಲಿಂದ ಕೆಳಗೆ ಉರುಳುವುದು, ಬಣ್ಣವಿಲ್ಲದಿರುವುದು, ಮುದ್ರಣವೇ ಆರಂಭವಾಗದಿರುವುದು ಇದರ ಲಕ್ಷಣಗಳು. ಸಂಕರವಿಲ್ಲದ ನಿಜವಾದ ಎನ್.ಟಿ.ಎಸ್.ಸಿ. ಸಂಕೇತ ನೀಡುವ ವಿ.ಸಿ.ಆರ್. ಬಳಸಿ, ರೆಕಾರ್ಡರಿನ ಇನ್‌ಪುಟ್ ಪದ್ಧತಿಯನ್ನೂ ಎನ್.ಟಿ.ಎಸ್.ಸಿ. ಎಂದು ಬದಲಿಸುವುದೇ ಸರಿಯಾದ ಕ್ರಮ. ಆ ಕ್ಯಾಸೆಟ್ಟು ಮುಗಿದೊಡನೆ ಮತ್ತೆ ಪಾಲ್‌ಗೆ ಹಿಂತಿರುಗಿಸಬೇಕೆಂಬುದನ್ನು ಮರೆಯುವುದೇ ಹೆಚ್ಚು.

ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಸಾಧನಗಳಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ಸಂಭವಿಸುತ್ತದೆ. ಅವುಗಳ ತಂತ್ರಾಂಶವು ಅನೇಕ ವೇಳೆ ಎನ್.ಟಿ.ಎಸ್.ಸಿ. ಆಯ್ಕೆಯನ್ನೇ ಮೊದಲೇ ಹಿಡಿದುಕೊಂಡು ಬಂದಿರುತ್ತದೆ. ಪದ್ಧತಿಯನ್ನು ಪಾಲ್ ಎಂದು ತಿದ್ದಿದ ಮೇಲೂ ಚಿತ್ರದ ಅಳತೆ 480 ಸಾಲು ಎಂದೇ ಉಳಿದುಬಿಡುವುದುಂಟು. 576 ಸಾಲುಗಳ ಚಿತ್ರವನ್ನು 480ಕ್ಕೆ ಇಳಿಸಿದರೆ 96 ಸಾಲುಗಳಷ್ಟು, ಎಂದರೆ ಆರರಲ್ಲಿ ಒಂದು ಭಾಗದಷ್ಟು, ಹೋದಂತಾಯಿತು. ಕ್ವಿಂಟಾಲಿಗೆ 16 ಕಿಲೊ ಚಿಲ್ಲರೆ ತೂಕ ಕಡಿಮೆ ಬಂದರೆ ಯಾವ ಮಂಡಿಯಲ್ಲೂ ಸುಮ್ಮನಿರುವವರಿಲ್ಲ. ಇಲ್ಲಿ ಮಾತ್ರ ಯಾರೂ ಎಣಿಸುವುದಿಲ್ಲ.

ಬೆಳಕು, ಕಪ್ಪು ಮಟ್ಟ ಮತ್ತು ‘ಸುಧಾರಣೆ’ಯ ಆಮಿಷ

ಕೆಲವು ರೆಕಾರ್ಡರುಗಳಲ್ಲಿ ಒಳಬರುವ ಚಿತ್ರಕ್ಕೆ ಸಿದ್ಧ ಆಯ್ಕೆಗಳಿರುತ್ತವೆ: ಟ್ಯೂನರ್, ವಿ.ಸಿ.ಆರ್., ಹಾಗೂ ಬಳಕೆದಾರ ತಾನೇ ಹೊಂದಿಸಿಕೊಳ್ಳಬಹುದಾದ ಒಂದೆರಡು ಜಾಗಗಳು. ಪ್ರಸಾರದಿಂದ ಬರುವ ಚಿತ್ರ ಸ್ಥಿರ. ಟೇಪಿನಿಂದ ಬರುವ ಚಿತ್ರದಲ್ಲಿ ನಡುಕ ಮತ್ತು ಕಣಕಣವಾದ ಕೊಳೆ ಹೆಚ್ಚು. ಆದ್ದರಿಂದ ಕ್ಯಾಸೆಟ್ಟಿನ ನಕಲಿಗೆ ವಿ.ಸಿ.ಆರ್. ಎಂಬ ಆಯ್ಕೆಯಿಂದ ಆರಂಭಿಸುವುದು ಯುಕ್ತ. ಆದರೆ ಅಲ್ಲಿಗೇ ನಿಲ್ಲುವುದು ಅಷ್ಟೇನೂ ಯುಕ್ತವಲ್ಲ.

ಅಂದಿನ ಮದುವೆ ಮಂಟಪಗಳಲ್ಲಿ ಕ್ಯಾಮೆರಾದವರೊಡನೆ ಒಬ್ಬ ಹುಡುಗ ಹ್ಯಾಲೊಜನ್ ದೀಪವನ್ನು ಎತ್ತಿ ಹಿಡಿದಿರುತ್ತಿದ್ದ. ದೀಪ ಬಿದ್ದೆಡೆ ಕಣ್ಣು ಕುಕ್ಕುವ ಬೆಳಕು, ಅದರಾಚೆ ಕತ್ತಲು. ಇಂತಹ ದೃಶ್ಯದಲ್ಲಿ ಜರಿ, ಬಿಳಿ ಪಂಚೆ, ಹಣೆಯ ಹೊಳಪು ಇವು ಯಂತ್ರ ಸ್ವೀಕರಿಸಬಹುದಾದ ಗರಿಷ್ಠ ಮಟ್ಟದ ಅಂಚಿನಲ್ಲಿರುತ್ತವೆ. ಇನ್‌ಪುಟ್ಟಿನ ಬಿಳಿ ಮಟ್ಟ ತುಸು ಹೆಚ್ಚಾಗಿದ್ದರೂ ಆ ಅಂಚಿನಾಚೆಯದೆಲ್ಲ ಒಂದೇ ಬಿಳುಪಾಗಿ ಕತ್ತರಿಸಿಹೋಗುತ್ತದೆ. ಹಾಗೆಯೇ ಕಪ್ಪು ಮಟ್ಟ ತಗ್ಗಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಕತ್ತಲಲ್ಲಿ ಕರಗಿಹೋಗುತ್ತಾರೆ. ಮಂದವಾಗಿ ದಾಖಲಾದ ಚಿತ್ರವನ್ನು ಮುಂದೆ ಪ್ರಕಾಶಗೊಳಿಸಬಹುದು, ಕತ್ತರಿಸಿಹೋದುದನ್ನು ಕೂಡಿಸಲಾಗದು. ಆದ್ದರಿಂದ ಅನುಮಾನವಿದ್ದಲ್ಲಿ ಸ್ವಲ್ಪ ಸಪ್ಪೆಯಾದ ಚಿತ್ರವೇ ಲೇಸು.

ಕಪ್ಪು ಮಟ್ಟದ ವಿಷಯದಲ್ಲಿ ಅಮೆರಿಕದ ಕ್ಯಾಸೆಟ್ಟುಗಳು ಇನ್ನೊಂದು ಅಂಶದಲ್ಲಿಯೂ ಭಿನ್ನ. ಅಲ್ಲಿನ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಕಪ್ಪನ್ನು ಶೂನ್ಯಕ್ಕಿಂತ 7.5 ಅಂಶ ಮೇಲಿರಿಸುವುದು ವಾಡಿಕೆ. ಪಾಲ್ ಪದ್ಧತಿಯಲ್ಲಿಯೂ ಜಪಾನಿನಲ್ಲಿಯೂ ಕಪ್ಪೆಂದರೆ ಶೂನ್ಯವೇ. ರೆಕಾರ್ಡರಿನಲ್ಲಿ ಇದಕ್ಕಾಗಿಯೇ ಒಂದು ಆಯ್ಕೆ ಇದ್ದಲ್ಲಿ, ನಮ್ಮ ಕ್ಯಾಸೆಟ್ಟುಗಳಿಗೆ ಶೂನ್ಯ ಮಟ್ಟವನ್ನೇ ಇಟ್ಟುಕೊಳ್ಳಬೇಕು.

ಇನ್ನು ಕೊಳೆ ನಿವಾರಣೆ ಮತ್ತು ಹರಿತಗೊಳಿಸುವ ಆಯ್ಕೆಗಳು. ಅಂಗಡಿಯಲ್ಲಿ ತೋರಿಸುವಾಗ ಇವೆರಡನ್ನೂ ಏರಿಸಿದರೆ ಗ್ರಾಹಕ ಬೆರಗಾಗುತ್ತಾನೆ. ಮನೆಗೆ ಬಂದು ಸಾವಧಾನವಾಗಿ ನೋಡಿದಾಗ ಮುಖಗಳು ಮೇಣ ಬಳಿದಂತೆಯೂ, ಅಂಚುಗಳಿಗೆ ಬಿಳಿಯ ಗೆರೆ ಎಳೆದಂತೆಯೂ, ಸರಿದಾಡುವವರ ಹಿಂದೆ ನೆರಳು ಉಳಿದಂತೆಯೂ ಕಾಣುತ್ತದೆ. ಇಂತಹ ಶುದ್ಧೀಕರಣವನ್ನು ಮುಂದೆ ಪ್ರತಿಯೊಂದರ ಮೇಲೆ ಎಷ್ಟು ಬಾರಿಯಾದರೂ ಮಾಡಬಹುದು. ಒಳಬರುವಾಗಲೇ ಮಾಡಿಬಿಟ್ಟರೆ ಮೂಲವೇ ಇಲ್ಲವಾಗುತ್ತದೆ. ರೋಜ್‌ನಾಮೆಯನ್ನು ಬರೆಯದೆ ನೇರವಾಗಿ ಅಢಾವೆ ಪತ್ರಿಕೆಯನ್ನೇ ಸಿದ್ಧಪಡಿಸಿದರೆ ಲೆಕ್ಕ ತಪಾಸಣೆ ಹೇಗೆ ಸಾಧ್ಯ?

ಪರೀಕ್ಷೆ ಕಷ್ಟದ್ದೇನಲ್ಲ. ಕ್ಯಾಸೆಟ್ಟಿನ ಅತಿ ಕಠಿಣ ಭಾಗವನ್ನು, ಎಂದರೆ ದೀಪ ಜರಿಯ ಮೇಲೆ ಬಿದ್ದಿರುವ, ಹಿಂದೆ ಕತ್ತಲಿರುವ, ಜನ ಓಡಾಡುತ್ತಿರುವ ಎರಡು ನಿಮಿಷವನ್ನು ಆರಿಸಿ, ಎರಡು ಮೂರು ಬಗೆಯ ಹೊಂದಾಣಿಕೆಗಳಲ್ಲಿ ಮುದ್ರಿಸಿ, ಮನೆಯ ದೊಡ್ಡ ಟಿ.ವಿ.ಯಲ್ಲಿ ನೋಡಿದರಾಯಿತು. ಆದರೆ ಅದೇ ಭಾಗವನ್ನು ಹತ್ತಾರು ಬಾರಿ ಓಡಿಸಬಾರದು. ಪ್ರತಿ ಓಟಕ್ಕೂ ಟೇಪು ಸವೆಯುತ್ತದೆ.

ನಡುಕ ನಿವಾರಣೆಯೂ ಒಂದು ಸುಂಕದ ಕಥೆಯೂ

ಟೇಪು ಯಂತ್ರದಲ್ಲಿ ಸಾಗುವ ವೇಗ ಎಂದಿಗೂ ಪೂರ್ಣ ಸಮವಲ್ಲ. ಆದ್ದರಿಂದ ಚಿತ್ರದ ಪ್ರತಿ ಸಾಲೂ ಕೂದಲೆಳೆಯಷ್ಟು ಅತ್ತಿತ್ತ ಸರಿದು, ನೆಟ್ಟಗಿನ ಕಂಬ ಅಲೆಯಂತೆ ಬಳುಕುತ್ತದೆ. ಇದನ್ನು ಸರಿಪಡಿಸುವ ವ್ಯವಸ್ಥೆಗೆ ಟೈಮ್ ಬೇಸ್ ಕರೆಕ್ಟರ್, ಅಥವಾ ಟಿ.ಬಿ.ಸಿ., ಎಂದು ಹೆಸರು. ಉತ್ತಮ ದರ್ಜೆಯ ಕೆಲವು ಎಸ್-ವಿ.ಎಚ್.ಎಸ್. ಯಂತ್ರಗಳಲ್ಲಿಯೂ ಕೆಲವು ಡಿ.ವಿ.ಡಿ. ರೆಕಾರ್ಡರುಗಳಲ್ಲಿಯೂ ಇದು ಅಂತರ್ಗತವಾಗಿದೆ. ಬಿಡಿ ಹೊಂದಾಣಿಕೆಗಳಲ್ಲಿ ‘ಆನ್’ ಮಾಡಿಡಲು ಯೋಗ್ಯವಾದುದು ಇದೊಂದೇ ಎನ್ನಬಹುದು.

ಕೆಲವರ ಮನೆಯಲ್ಲಿ ಮಿನಿ ಡಿ.ವಿ. ಟೇಪಿನ ಹಳೆಯ ಕ್ಯಾಮ್‌ಕಾರ್ಡರ್ ಉಂಟು. ಹಳದಿ ತಂತಿಯಿಂದ ಬರುವ ಚಿತ್ರವನ್ನು ಅದು ಒಳತೆಗೆದುಕೊಂಡು ಡಿಜಿಟಲ್ ರೂಪದಲ್ಲಿ ಕಂಪ್ಯೂಟರಿಗೆ ದಾಟಿಸಬಲ್ಲದಾದರೆ ಅದೇ ಒಳ್ಳೆಯ ಸಾಧನ. ವಿಚಿತ್ರವೆಂದರೆ ಒಂದೇ ಮಾದರಿಯ ಕ್ಯಾಮೆರಾ ಒಂದು ದೇಶದಲ್ಲಿ ಈ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಮಾಡುವುದಿಲ್ಲ. ಹೊರಗಿನ ಚಿತ್ರವನ್ನೂ ದಾಖಲಿಸಬಲ್ಲ ಕ್ಯಾಮೆರಾವನ್ನು ಯೂರೋಪಿನ ಸುಂಕ ಪದ್ಧತಿಯು ಕ್ಯಾಮೆರಾ ಎಂದಲ್ಲ, ವಿಡಿಯೊ ರೆಕಾರ್ಡರ್ ಎಂದು ವರ್ಗೀಕರಿಸಿ ಹೆಚ್ಚಿನ ಆಮದು ಸುಂಕ ವಿಧಿಸುತ್ತಿತ್ತು. ತಯಾರಕರು ಸುಂಕ ಉಳಿಸಲು ಅಲ್ಲಿಗೆ ಕಳುಹಿಸುವ ಕ್ಯಾಮೆರಾಗಳಲ್ಲಿ ಒಳದ್ವಾರವನ್ನೇ ನಿಷ್ಕ್ರಿಯಗೊಳಿಸಿದರು. ಸುಂಕ ಸಂಕೇತದ ಒಂದು ಸಾಲು ಯಂತ್ರದ ಸಾಮರ್ಥ್ಯವನ್ನೇ ನಿರ್ಧರಿಸಿದ ಈ ಪ್ರಸಂಗ ಆಮದು-ರಫ್ತು ವ್ಯವಹಾರದಲ್ಲಿರುವವರಿಗೆ ಅಚ್ಚರಿ ತರಲಾರದು. ಬಂಧುಗಳು ಯೂರೋಪಿನಿಂದ ತಂದ ಕ್ಯಾಮೆರಾವನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳುವ ಮುನ್ನ ಪರೀಕ್ಷಿಸಿ ನೋಡುವುದು ಒಳಿತು.

ಉಳಿತಾಯದ ಲೆಕ್ಕ

ಡಿ.ವಿ.ಡಿ. ರೆಕಾರ್ಡರಿನಲ್ಲಿ 4.7 ಗಿಗಾಬೈಟಿನ ಡಿಸ್ಕಿನ ಮೇಲೆ 1 ಗಂಟೆ, 2 ಗಂಟೆ, 4 ಗಂಟೆ, 6 ಗಂಟೆ ಹೀಗೆ ಅವಧಿಯನ್ನು ಆರಿಸುವ ಅವಕಾಶವಿರುತ್ತದೆ. ಡಿಸ್ಕು ಅದೇ, ಅದರ ಸ್ಥಳವೂ ಅಷ್ಟೇ. 1 ಗಂಟೆಗೆ ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಮಾಹಿತಿ ಲಭ್ಯವಾದರೆ, 6 ಗಂಟೆಯಲ್ಲಿ ಅದು 1.7ಕ್ಕೆ ಇಳಿಯುತ್ತದೆ. 3 ಗಂಟೆಯ ಕ್ಯಾಸೆಟ್ಟನ್ನು ಒಂದೇ ಡಿಸ್ಕಿನಲ್ಲಿ ಅಡಗಿಸಲು 4 ಗಂಟೆಯ ಆಯ್ಕೆ ಹಾಕಿದರೆ ಅನೇಕ ಯಂತ್ರಗಳು ಚಿತ್ರದ ಅಡ್ಡ ಬಿಂದುಗಳನ್ನೇ ಅರ್ಧಕ್ಕೆ ಇಳಿಸಿಬಿಡುತ್ತವೆ. ಒಂದು ಡಿಸ್ಕಿನ ಬೆಲೆ ಉಳಿಸಲು ಹೋಗಿ ಆಗುವ ಹಾನಿಯಿದು. 1 ಗಂಟೆಯ, ಹೆಚ್ಚೆಂದರೆ 2 ಗಂಟೆಯ ಆಯ್ಕೆಯನ್ನು ಮೀರಬಾರದು.

ಚಿತ್ರದ ಆಕಾರದ ಆಯ್ಕೆ 4:3 ಆಗಿಯೇ ಇರಲಿ. ಅದನ್ನು 16:9ಕ್ಕೆ ಎಳೆದರೆ ಪ್ರತಿಯೊಬ್ಬರೂ ಮೂರನೇ ಒಂದರಷ್ಟು ದಪ್ಪಗಾಗುತ್ತಾರೆ. ಟಿ.ವಿ.ಯ ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಅದು ದೋಷವಲ್ಲ. ಹಾಗೆಯೇ ಪಾಲ್ ಚಿತ್ರದ ಬೆಸ-ಸಮ ಸಾಲುಗಳನ್ನು ಮುದ್ರಣದ ಸಮಯದಲ್ಲಿಯೇ ವಿಲೀನಗೊಳಿಸುವ ಆಯ್ಕೆಯನ್ನು ಬಳಸದಿರುವುದು ಮೇಲು. ಕೈ ಬೀಸಿದಾಗಿನ ಬಾಚಣಿಗೆ ಗೆರೆಗಳು ಇಂತಹ ಅಜಾಗರೂಕ ವಿಲೀನದಿಂದಲೇ ಕಾಯಮ್ಮಾಗಿ ಅಚ್ಚೊತ್ತುತ್ತವೆ.

ಪ್ರಮಾಣದ ಅಂದಾಜಿಗಾಗಿ ಒಂದು ಕುಟುಂಬದಲ್ಲಿ 3 ಗಂಟೆಯ 40 ಕ್ಯಾಸೆಟ್ಟುಗಳಿವೆಯೆಂದು ಭಾವಿಸೋಣ. ಒಟ್ಟು 120 ಗಂಟೆ. ಕ್ಯಾಸೆಟ್ಟು ಓಡುವ ವೇಗದಲ್ಲಿಯೇ ನಕಲು ಸಾಧ್ಯವಾದ್ದರಿಂದ ದಿನಕ್ಕೆ 8 ಗಂಟೆಯಂತೆ 15 ಪೂರ್ಣ ದಿನಗಳು ಬೇಕು. ‘ನಾಳೆ ಸಂಜೆ ಬನ್ನಿ, ಎಲ್ಲವೂ ಸಿದ್ಧವಿರುತ್ತದೆ’ ಎನ್ನುವವರು ಹಲವು ಯಂತ್ರಗಳನ್ನಿಟ್ಟಿರಬೇಕು, ಇಲ್ಲವೇ ನೋಡದೆ ಓಡಿಸುತ್ತಿರಬೇಕು. ಡಿ.ವಿ. ರೂಪದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್ ಹಿಡಿದರೆ ಒಟ್ಟು 1,560 ಗಿಗಾಬೈಟ್; 2 ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಎಲ್ಲವೂ ಅಡಕವಾಗುತ್ತದೆ. ಅಂತಹ ಎರಡು ಡಿಸ್ಕುಗಳನ್ನು ಮಾಡಿಸಿ ಒಂದನ್ನು ಬೇರೆ ಊರಿನಲ್ಲಿರುವ ಸಹೋದರರ ಮನೆಯಲ್ಲಿಡುವುದು ವಿವೇಕ. ಮೊಬೈಲಿನಲ್ಲಿ ಹಂಚಲು ಬೇಕಾದ ಸಣ್ಣ ಪ್ರತಿಗಳನ್ನು ಇವುಗಳಿಂದ ತೆಗೆಯಬಹುದು.

ಸ್ಟುಡಿಯೋಗೆ ಕೊಡುವಾಗ ಬಾಯಿಮಾತಿಗಿಂತ ಒಂದು ಪುಟದ ಆರ್ಡರ್ ಬರೆದುಕೊಡುವುದು ಉಚಿತ: ಎಸ್-ವಿಡಿಯೊ ಇನ್‌ಪುಟ್, ಪಾಲ್, 576 ಸಾಲು, 4:3, ಕೊಳೆ ನಿವಾರಣೆ ಬೇಡ, ಮೂಲ ಕಡತವನ್ನೇ ಹಿಂತಿರುಗಿಸಬೇಕು. ಸಂಸ್ಥೆಯ ಸಮಾರಂಭಗಳ ಕ್ಯಾಸೆಟ್ಟಿಗೆ ಸಂಸ್ಥೆಯ ಹೆಸರಿನಲ್ಲಿಯೂ, ಮದುವೆ ಕ್ಯಾಸೆಟ್ಟಿಗೆ ವೈಯಕ್ತಿಕವಾಗಿಯೂ ಪ್ರತ್ಯೇಕ ಬಿಲ್ಲು ಪಡೆಯಬೇಕು. ಒಂದೇ ಬಿಲ್ಲಾದರೆ ಮದುವೆಯ ಪಾಲು ಡ್ರಾಯಿಂಗ್ಸ್ ಖಾತೆಗೆ ಹೋಗತಕ್ಕದ್ದು, ಕಚೇರಿ ವೆಚ್ಚಕ್ಕಲ್ಲ.

ಕಾನೂನಿನ ಎರಡು ಅಂಶಗಳು

ಕೆಲವು ಕ್ಯಾಸೆಟ್ಟುಗಳನ್ನು ಹಾಕಿದೊಡನೆ ರೆಕಾರ್ಡರ್ ‘ನಕಲು ನಿಷಿದ್ಧ’ ಎಂದು ತಿರಸ್ಕರಿಸುತ್ತದೆ. ಚಲನಚಿತ್ರದ ಅಧಿಕೃತ ಕ್ಯಾಸೆಟ್ಟಾಗಿದ್ದರೆ ಅದರಲ್ಲಿ ನಕಲು ತಡೆಯುವ ಸಂಕೇತವಿರುತ್ತದೆ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಪ್ರಕರಣವು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ರಕ್ಷಣೆಯನ್ನು ಮುರಿಯುವುದನ್ನು ದಂಡನೀಯವಾಗಿಸಿದೆ. ಸ್ವಂತ ಮದುವೆಯ ಕ್ಯಾಸೆಟ್ಟಿಗೂ ಅದೇ ಸಂದೇಶ ಬಂದರೆ ಕಾರಣ ಬೇರೆ. ಸವೆದ ಟೇಪಿನ ಅಸ್ಥಿರ ಸಂಕೇತವನ್ನು ಯಂತ್ರ ತಪ್ಪಾಗಿ ಗ್ರಹಿಸಿರುತ್ತದೆ. ನಡುವೆ ಟಿ.ಬಿ.ಸಿ. ಇರಿಸಿದರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹಣ ಕೊಟ್ಟು ಮಾಡಿಸಿದ ಮದುವೆ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕಾಯ್ದೆಯ 17ನೇ ಪ್ರಕರಣದ ಪ್ರಕಾರ ಮಾಡಿಸಿದವರದೇ. ಹಳೆಯ ಸ್ಟುಡಿಯೋದ ಅನುಮತಿಗಾಗಿ ಕಾಯಬೇಕಿಲ್ಲ.

ಎರಡನೆಯದು ಸಾಕ್ಷ್ಯದ ವಿಷಯ. ಕುಟುಂಬದ ಆಸ್ತಿ, ಪಾಲುದಾರಿಕೆ ಅಥವಾ ಟ್ರೇಡ್ ಮಾರ್ಕಿನ ಹಿಂದಿನ ಬಳಕೆಯ ವ್ಯಾಜ್ಯಗಳಲ್ಲಿ ಅಂಗಡಿಯ ಪ್ರಾರಂಭೋತ್ಸವದ ಹಳೆಯ ದೃಶ್ಯವೊಂದು, ಫಲಕದ ಮೇಲಿನ ಹೆಸರಿನ ಸಮೇತ, ಮಹತ್ವ ಪಡೆಯಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಮೇರೆಗೆ ವಿದ್ಯುನ್ಮಾನ ಪ್ರತಿಯನ್ನು ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ನಕಲು ಮಾಡಿದ ದಿನಾಂಕ, ಬಳಸಿದ ಯಂತ್ರ, ಇನ್‌ಪುಟ್ ಹೊಂದಾಣಿಕೆಗಳನ್ನು ಅಂದೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರೆ ಮುಂದೆ ಅನುಕೂಲ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯಬಾರದು.

ಯಂತ್ರಕ್ಕೆ ಹಾಕುವ ಮುನ್ನ

ಕ್ಯಾಸೆಟ್ಟಿನ ಬೆನ್ನಿನ ಎಡತುದಿಯಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಡಬೇಕು. ಅದು ಇರುವಷ್ಟು ದಿನ ಯಾರಾದರೂ ತಪ್ಪಿ ಅದರ ಮೇಲೆಯೇ ಮುದ್ರಿಸುವ ಸಾಧ್ಯತೆಯಿದೆ. ಹಲವು ವರ್ಷ ಮುಟ್ಟದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿ, ನಂತರ ನಕಲಿಗೆ ತೊಡಗಬೇಕು. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಇರಿಸಿದ್ದ ಕ್ಯಾಸೆಟ್ಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಪರಿಶೀಲಿಸುವುದು ಕಡ್ಡಾಯ. ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿಯಂತೆ ಬೂಷ್ಟು ಕಂಡರೆ ಅದನ್ನು ಯಾವ ಕಾರಣಕ್ಕೂ ಯಂತ್ರದೊಳಗೆ ಹಾಕಬಾರದು. ಆ ಬೂಷ್ಟು ಹೆಡ್ಡಿಗೆ ಅಂಟಿ, ಅನಂತರ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥವನ್ನು ಬೇರೆಯ ಪೆಟ್ಟಿಗೆಯಲ್ಲಿ ಪ್ರತ್ಯೇಕಿಸಿ, ಟೇಪು ಶುಚಿಗೊಳಿಸುವ ಅನುಭವವುಳ್ಳವರಿಗೆ ಒಪ್ಪಿಸಬೇಕು. ಉಳಿದವುಗಳಲ್ಲಿ ಹಳೆಯ ಇಸವಿಯದು ಮೊದಲು. ಒಂದೇ ಸಮಾರಂಭದ ಎರಡು ಪ್ರತಿಗಳಿದ್ದರೆ ಸಂಕಲನವಾಗದ ಮೂಲ ಕ್ಯಾಮೆರಾ ಟೇಪಿಗೇ ಆದ್ಯತೆ.